ನಮ್ಮಮ್ಮನ ತೋರುಬೆರಳು

ಮೊದಲ ದಿನ ಕೋಳಿ ಎಬ್ಬಿಸುವುದರಲ್ಲೇ ಕಳೆಯಿತು. ನಮ್ಮ ಶೆಡ್ಡಿನ ಮೂಲೆಯಲ್ಲಿ ಯಾವ ಕಾಲದಿಂದಲೋ ಬಿದ್ದಿದ್ದ ಹಳೆಯ ಜೀಪಿನ ಡ್ರೈವರ್ ಸೀಟಿನ ಮೇಲೆ ಕೆಂಪು ಹೇಂಟೆಯೊಂದು ಕಾವಿಗೆ ಕೂತಿತ್ತು. ಎತ್ತಲು ಹೋದರೆ ನನ್ನ ಮುಂಗೈ ಕುಕ್ಕಿ ರಕ್ತ ಬರಿಸಿತು. ಅದಕ್ಕೂ ಅದರ ವಂಶಕ್ಕೂ ಸೇರಿಸಿ ಬೈದೆ. ಅಮ್ಮ ಹಾಲಿನ ಕ್ರೇಟೊಂದನ್ನು ಬೋರಲು ಹಾಕಿಕೊಂಡು, ಊರುಗೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಸಿನಿಮಾ ನೋಡುವವಳ ಹಾಗೆ ಕೂತಿದ್ದಳು.

"ಅದರ ಮನೆ ಕಣೇ ಅದು. ಮರ್ಯಾದೆಯಾಗಿ ಕೇಳು, ಬಿಟ್ಕೊಡುತ್ತೆ," ಎಂದಳು.

ಮರ್ಯಾದೆಗೆ ಅದು ಬಗ್ಗಲಿಲ್ಲ. ಕೊನೆಗೆ ಸೀಟನ್ನೇ ಬಿಚ್ಚಿ, ಕೋಳಿ ಮೊಟ್ಟೆ ಸಮೇತ ಹೊತ್ತು ತಂದು ಹೊರಗೆ ಮರದ ನೆರಳಿನಲ್ಲಿಟ್ಟೆ. ಮೊಟ್ಟೆಯೊಡೆದು ಮರಿಗಳು ಹೊರಗೆ ಬರುವವರೆಗೆ ನಮ್ಮ ಜೀಪಿಗೆ ಡ್ರೈವರ್ ಸೀಟು ಇರಲಿಲ್ಲ.

ನಮ್ಮಮ್ಮನ ಹೆಸರು ಎನಿಡ್. ಹ್ಯಾಲಟ್ಸ್ ವೆಲ್ ಎಂಬ ನಮ್ಮ ಊರಿನಿಂದ ಉತ್ತರಕ್ಕೆ ಹೋಗುವ ಮಣ್ಣುರಸ್ತೆಯಲ್ಲಿ, ಕುರಿ ಸಾಕುವವರ ಮನೆಗಳಿಗೆ ಟಪಾಲು ಒಯ್ಯುತ್ತಿದ್ದವಳು. ಒಂದು ಮನೆಯಿಂದ ಇನ್ನೊಂದಕ್ಕೆ ಅರ್ಧ ಗಂಟೆಯ ದಾರಿ, ನಡುವೆ ಕೆಂಪು ಮಣ್ಣು, ಕುರುಚಲು ಗಿಡ, ಒಣಗಿದ ಹಳ್ಳ. ಮಂಗಳವಾರ, ಶುಕ್ರವಾರ ಬಂತೆಂದರೆ ಆ ರಸ್ತೆಯವರು ಕಿಟಕಿಯಲ್ಲಿ ಧೂಳು ಕಾಣುತ್ತದೆಯೇ ಎಂದು ನೋಡುತ್ತಿದ್ದರು. ಕಾಗದ, ಬ್ರೆಡ್ಡು, ಮಾತ್ರೆ, ಪಂಪಿನ ಬೆಲ್ಟು, ಒಮ್ಮೆ ಮೂರಂತಸ್ತಿನ ಮದುವೆ ಕೇಕು, ಇವೆಲ್ಲದರ ಜೊತೆಗೆ ಸುದ್ದಿ. ನಾನು ರೊವೀನ, ಅವಳ ಒಬ್ಬಳೇ ಮಗಳು. ಊರಿನ ಶಾಲೆಯ ಬಸ್ಸು ಓಡಿಸುತ್ತೇನೆ, ಕೆಟ್ಟರೆ ನಾನೇ ರಿಪೇರಿ ಮಾಡುತ್ತೇನೆ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಊರೆಲ್ಲ ಹೇಳುತ್ತದೆ, ಹೇಳಿಕೊಳ್ಳಲಿ. ಸ್ಪ್ಯಾನರ್ ಹಿಡಿಯಲು ಕಲಿಸಿದವಳು ಅಮ್ಮ, ಕೋಪ ಕಲಿಸಿದವಳೂ ಅವಳೇ.

ಆ ವರ್ಷ ಸಕ್ಕರೆ ಕಾಯಿಲೆ ಅವಳ ಎಡಗಾಲನ್ನು ಮಂಡಿಯ ಕೆಳಗೆ ತಿಂದುಹಾಕಿತು. ಅಡಿಲೇಡಿನ ಆಸ್ಪತ್ರೆಯಿಂದ ಹೊಸ ಕಾಲು ಹಾಕಿಸಿಕೊಂಡು ಬಂದಳು. ಅದಕ್ಕೆ ಬಾಡಿಗೆದಾರ ಎಂದು ಹೆಸರಿಟ್ಟಳು, ಯಾಕೆಂದರೆ ಅದು ಕೆಲಸವನ್ನೂ ಮಾಡುವುದಿಲ್ಲ, ಜಾಗವನ್ನೂ ಬಿಡುವುದಿಲ್ಲ. ನಡೆಯಲು ಪರವಾಗಿಲ್ಲ, ಆದರೆ ಕ್ಲಚ್ಚು ಎಷ್ಟು ಒಳಗೆ ಹೋಯಿತು ಎಂಬುದು ಬಾಡಿಗೆದಾರನಿಗೆ ತಿಳಿಯುತ್ತಿರಲಿಲ್ಲ.

ಟಪಾಲನ್ನು ತತ್ಕಾಲಕ್ಕೆ ದಕ್ಷಿಣದ ಪಟ್ಟಣದ ಒಬ್ಬ ವ್ಯಾನಿನವನು ನೋಡಿಕೊಳ್ಳುತ್ತಿದ್ದ. ಕುರಿಗಳ ಉಣ್ಣೆ ಕತ್ತರಿಸುವ ಕೆಲಸ ಮುಗಿದ ಮೇಲೆ ರಸ್ತೆಯ ಮನೆಗಳವರೆಲ್ಲ ಊರಿನ ಸಭಾಭವನದಲ್ಲಿ ಸೇರಿ, ಟಪಾಲು ಮುಂದೆ ಯಾರದು ಎಂದು ತೀರ್ಮಾನಿಸಬೇಕಿತ್ತು. ಅಮ್ಮನಿಗೆ ಅದು ವಾಪಸ್ಸು ಬೇಕಿತ್ತು. ಬೇರೇನೂ ಬೇಕಿರಲಿಲ್ಲ. ಕಾಲು ಹೋದಾಗ ಅಳದವಳು, ವ್ಯಾನಿನವನು ಮೊದಲ ಸಲ ನಮ್ಮ ಗೇಟಿನ ಮುಂದೆ ಹಾದುಹೋದ ದಿನ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತು ಅತ್ತಳು. ನಾನು ನೋಡದವಳ ಹಾಗೆ ಹೊರಗೆ ಹೋದೆ.

ಗೇರು ತಾನೇ ಹಾಕಿಕೊಳ್ಳುವ ಹೊಸ ಗಾಡಿ ತೆಗೆದುಕೊಳ್ಳೋಣ, ಕ್ಲಚ್ಚಿನ ಗೊಡವೆಯೇ ಇರುವುದಿಲ್ಲ ಎಂದೆ. ಅಮ್ಮ ಒಪ್ಪಲಿಲ್ಲ. ತನ್ನ ಬದಲು ಯೋಚನೆ ಮಾಡುವ ಗಾಡಿ ತನಗೆ ಬೇಡವಂತೆ. ಹಳ್ಳದ ಮರಳಿನಲ್ಲಿ ಯಾವಾಗ ಗೇರು ಇಳಿಸಬೇಕು ಅಂತ ಅದಕ್ಕೇನು ಗೊತ್ತು, ಶೆಡ್ಡಿನಲ್ಲಿ ತನ್ನ ಮೊದಲ ಜೀಪು ಇದೆಯಲ್ಲ, ಅದನ್ನೇ ಎಬ್ಬಿಸೋಣ ಎಂದಳು. ಹಾಗೆ ಶುರುವಾಯಿತು.

ಎಂಜಿನ್ನು ಕಲ್ಲಿನ ಹಾಗೆ ಕಚ್ಚಿಕೊಂಡಿತ್ತು. ಸಿಲಿಂಡರುಗಳೊಳಗೆ ಡೀಸೆಲ್ಲು, ಸೀಮೆಎಣ್ಣೆ ಬೆರೆಸಿ ಸುರಿದು ನೆನೆಯಲು ಬಿಟ್ಟೆವು. ಪ್ರತಿದಿನ ಬೆಳಿಗ್ಗೆ ಗೇರು ಹಾಕಿ, ನಾನು ಹಿಂದಿನಿಂದ ಹೆಗಲು ಕೊಟ್ಟು ಗಾಡಿಯನ್ನು ಮುಂದಕ್ಕೂ ಹಿಂದಕ್ಕೂ ಅಲುಗಿಸುತ್ತಿದ್ದೆ. ಅಮ್ಮ ಕ್ರೇಟಿನ ಮೇಲಿಂದ ಲಾಲಿ ಹಾಡುತ್ತಿದ್ದಳು. ನಾನು ಬೆವರು ಸುರಿಸುವುದು, ಅವಳು ಲಾಲಿ ಹಾಡುವುದು. ಒಂದು ದಿನ ಕಟಕ್ ಎಂದು ಏನೋ ಜರುಗಿತು. ಮುರಿದೇ ಹೋಯಿತೆಂದುಕೊಂಡೆ. ಅಮ್ಮ ಮಾತ್ರ ಕಣ್ಣು ಮುಚ್ಚಿ, "ಎದ್ದಳು" ಎಂದಳು.

ಆಮೇಲೆ ಹಬ್ಬವೇ. ಇಲಿಗಳು ವೈರುಗಳನ್ನೆಲ್ಲ ತಿಂದಿದ್ದವು, ಹೊಸದಾಗಿ ಎಳೆದೆವು, ನನ್ನ ಬಸ್ಸಿನಲ್ಲಿರುವಂಥದೇ ಒಂದು ವೈರ್‌ಲೆಸ್ಸನ್ನೂ ಕೂಡಿಸಿದೆವು. ಅಮ್ಮನಿಗೆ ಕೂತು ಮಾಡುವ ಕೆಲಸ ಬಲು ಇಷ್ಟ. ಕಾರ್ಬುರೇಟರನ್ನು ಅಡುಗೆಮನೆಯ ಮೇಜಿನ ಮೇಲೆ ಹರವಿಕೊಂಡು, ಒಂದೊಂದೇ ತೂತನ್ನು ಸೂಜಿಯಿಂದ ಬಿಡಿಸಿ, ನನ್ನ ಒಳ್ಳೆಯ ಕೇಕಿನ ತಟ್ಟೆಯಲ್ಲಿ ಒಣಗಲು ಇಡುತ್ತಿದ್ದಳು. ತುಕ್ಕು ತಿಂದ ತಳವನ್ನು ನಾನು ಕತ್ತರಿಸಿ ತೆಗೆದು, ಹಳೆಯ ನೀರಿನ ಟ್ಯಾಂಕಿನ ತಗಡು ಬೆಸೆದೆ. ಮೊದಲನೇ ಬೆಸುಗೆಯನ್ನು ನೋಡಿ, ಕಾಗೆ ಹಿಕ್ಕೆ ಹಾಕಿದ ಹಾಗಿದೆ, ತೆಗೆದು ಮತ್ತೆ ಮಾಡು ಎಂದಳು. ತೆಗೆದು ಮತ್ತೆ ಮಾಡಿದೆ. ಬಣ್ಣ ಯಾವುದು ಎಂಬುದಕ್ಕೆ ಜಗಳವಾಯಿತು, ಅವಳು ಗೆದ್ದಳು, ಜೀಪು ನಿಂಬೆಹಣ್ಣಿನ ಹಳದಿಯಾಯಿತು. ಎಂಜಿನ್ನು ಮೊದಲ ಸಲ ಹೊಗೆ ಉಗುಳಿ, ಕೆಮ್ಮಿ, ಕೊನೆಗೆ ಸಮನಾಗಿ ಉಸಿರಾಡತೊಡಗಿದಾಗ ನಾವಿಬ್ಬರೂ ಚಹಾ ಕುಡಿಯುವುದನ್ನೇ ಮರೆತು ಕೇಳುತ್ತಾ ಕೂತೆವು. ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಆ ಗಂಡಸನ್ನು ನೋಡಿದ್ದವರಿಗೆ ಇದು ಆಶ್ಚರ್ಯವಲ್ಲ.

ಈಗ ಕ್ಲಚ್ಚು. ಗೇರಿನ ಕೋಲಿಗೇ ಒಂದು ಹಿಡಿ ಕೂಡಿಸಿ, ಎಡಗೈಯಲ್ಲಿ ಅದನ್ನು ಹಿಂಡಿದರೆ ಕ್ಲಚ್ಚು ಒಳಗೆ ಹೋಗಬೇಕು, ಬಿಟ್ಟರೆ ಬರಬೇಕು. ಮೊದಲು ತಂತಿ ಹಾಕಿ ನೋಡಿದೆವು, ಹಿಂಡಲು ಪೈಲ್ವಾನನೇ ಬೇಕಾಯಿತು. ಆಮೇಲೆ ಗುಜರಿಗೆ ಬಿದ್ದಿದ್ದ ಲಾರಿಯೊಂದರಿಂದ ಬ್ರೇಕು ಹಗುರ ಮಾಡುವ ಡಬ್ಬಿಯನ್ನು ಬಿಚ್ಚಿ ತಂದು ಅದಕ್ಕೆ ಜೋಡಿಸಿದೆ. ಅಮ್ಮ ಹಿಂಡಿದಳು, ಬೆಣ್ಣೆಯ ಹಾಗೆ ಹೋಯಿತು. ಅವಳ ಮುಖ ನೋಡಬೇಕಿತ್ತು. ಮತ್ತೆ ಮತ್ತೆ ಹಿಂಡಿದಳು, ಬಿಟ್ಟಳು, ಹಿಂಡಿದಳು.

ಅಲ್ಲಿಗೆ ಮುಗಿಸಿದ್ದರೆ ಆಗುತ್ತಿತ್ತು. ಆದರೆ ನನಗೆ ಭಯ. ಎಡಗೈ ಗೇರಿನ ಮೇಲಿದ್ದರೆ ಸ್ಟಿಯರಿಂಗಿಗೆ ಉಳಿಯುವುದು ಬಲಗೈ ಒಂದೇ. ಟ್ರ್ಯಾಕ್ಟರಿನವರು ಒಂದೇ ಕೈಯಲ್ಲಿ ಚಕ್ರ ತಿರುಗಿಸಲು ಹಾಕಿಕೊಳ್ಳುವ ಗುಂಡನೆಯ ಹಿಡಿಯೊಂದನ್ನು ತಂದು ಸ್ಟಿಯರಿಂಗಿಗೆ ಬಿಗಿದೆ. ನೇರ ದಾರಿಯಲ್ಲಿ ತೋಳು ನೋಯಬಾರದು, ಕೈ ಮಡಿಲಲ್ಲೇ ಇರಲಿ ಎಂದು ಅದನ್ನು ಚಕ್ರದ ಕೆಳಭಾಗಕ್ಕೆ ಹಾಕಿದೆ. ಎಡಗೈ ಗೇರು ಬಿಟ್ಟು ಕದಲಬಾರದು, ಬಲಗೈ ಗುಂಡು ಬಿಟ್ಟು ಕದಲಬಾರದು ಎಂದು ಆಣೆ ಹಾಕಿಸಿಕೊಂಡೆ. ಅಮ್ಮ ಯಾವತ್ತೂ ಇಲ್ಲದ ಹಾಗೆ ಬಾಯಿ ಮುಚ್ಚಿಕೊಂಡು ಒಪ್ಪಿದಳು. ಅದೇ ನನಗೆ ಅನುಮಾನ ತರಬೇಕಿತ್ತು.

ತಪಾಸಣೆಯವರು ಬಂದು ನೋಡಿ, ಪಕ್ಕದಲ್ಲಿ ಕೂತು ಒಂದು ಸುತ್ತು ಹೋಗಿ, ಓಡಿಸಬಹುದು ಎಂದು ಹೇಳಿಹೋದರು. ಅಮ್ಮ ಮಾರನೆಯ ಮಂಗಳವಾರವೇ ಹೊರಟಳು. ಟಪಾಲು ಇಲ್ಲ, ಬರಿಯ ಓಟ. ವ್ಯಾನಿನವನ ಹಿಂದೆಯೇ, ಅದೇ ದಿನ, ಅದೇ ದಾರಿ, ಕೊನೆಯ ಗೇಟಿನವರೆಗೆ ಹೋಗಿ ವಾಪಸ್ಸು. ಎನಿಡ್ ಓಡಿಸಬಲ್ಲಳು ಎಂಬುದನ್ನು ರಸ್ತೆಯವರು ಕಣ್ಣಾರೆ ನೋಡಲಿ ಎಂಬುದು ಅವಳ ಲೆಕ್ಕಾಚಾರ. ಮಂಗಳವಾರ ಹೋದಳು, ಶುಕ್ರವಾರ ಹೋದಳು, ಮತ್ತೆ ಮಂಗಳವಾರ. ಕೆನ್ನೆಗೆ ಬಣ್ಣ ಬಂತು, ಹಸಿವು ಬಂತು, ಬೈಗುಳವೂ ಮೊದಲಿನ ಹಾಗೆ ಧಾರಾಳವಾಯಿತು.

ಅಷ್ಟರಲ್ಲಿ ಮನೆಗೆ ಜನ ಬರತೊಡಗಿದರು.

ಮೊದಲು ಬಂದವನು ಡಗಲ್ಡ್, ಉತ್ತರದ ಎರಡನೇ ಮನೆಯವನು. ಎಂದೋ ಕೇಳಿ ಒಯ್ದು, ತನ್ನದೇ ಎಂದು ಇಟ್ಟುಕೊಂಡಿದ್ದ ನಮ್ಮ ಟ್ರೈಲರನ್ನು ಎಳೆದು ತಂದು ಅಂಗಳದಲ್ಲಿ ಬಿಟ್ಟ. ಹೊಸ ಟಯರು ಬೇರೆ ಹಾಕಿಸಿದ್ದ. ತಪ್ಪಾಯ್ತು ಎನಿಡ್ ಎಂದು ನೆಲ ನೋಡುತ್ತಾ ಹೇಳಿ, ಚಹಾ ಕೂಡ ಕುಡಿಯದೆ ಹೊರಟುಹೋದ. ಅಮ್ಮನಿಗೆ ಆ ಟ್ರೈಲರಿನ ನೆನಪೇ ಇರಲಿಲ್ಲ. ಎರಡು ದಿನ ಬಿಟ್ಟು ಮುದುಕ ಕ್ಲೆಮ್ ಒಂದು ಕುರಿಯ ತೊಡೆ ಹೊತ್ತುಕೊಂಡು ಬಂದ. ಹಿಂದೆ ಒಮ್ಮೆ ನಮ್ಮ ಗೇಟನ್ನು ಗುದ್ದಿ ಬೀಳಿಸಿದ್ದು ಕಾಂಗರೂ ಅಲ್ಲವಂತೆ, ತಾನಂತೆ. ಇಷ್ಟು ವರ್ಷ ಕಾಂಗರೂವಿನ ಮೇಲೆ ಹಾಕಿದ್ದಕ್ಕೆ ಕ್ಷಮಿಸಬೇಕಂತೆ. ಯಾರು ಯಾರೋ ಖರ್ಜೂರದ ಬಿಸ್ಕತ್ತು, ಕೊಬ್ಬರಿ ಹಚ್ಚಿದ ಕೇಕು ಬಾಗಿಲಲ್ಲಿಟ್ಟು ಹೋದರು. ಅಮ್ಮ ತಲೆ ಕೆಡಿಸಿಕೊಂಡಳು.

"ರೊವೀನಾ, ನಿಜ ಹೇಳು. ಆಸ್ಪತ್ರೆಯವರು ನಿನಗೇನಾದ್ರೂ ಬೇರೆ ಹೇಳಿದ್ದಾರಾ? ನಾನು ಸಾಯ್ತಿದ್ದೀನಾ?"

ಇಲ್ಲಮ್ಮ ಎಂದರೂ ನಂಬಲಿಲ್ಲ. ಸಾಯುವವಳು ಸಕ್ಕರೆ ಕಾಯಿಲೆಗೆ ಯಾಕೆ ಹೆದರಬೇಕು ಎಂದು ಕೇಕು ತಿನ್ನಲು ಹೋದಳು, ಕಿತ್ತುಕೊಂಡೆ.

ವಿಷಯ ಹೊರಬಿದ್ದದ್ದು ಕೋರಲ್‌ಳಿಂದ. ಕೋರಲ್ ರಸ್ತೆಯ ಕೊನೆಯ ಮನೆಯವಳು, ಅಮ್ಮನ ಹಳೆಯ ಗೆಳತಿ, ಎಂಥ ಕೆಟ್ಟ ಮಾತನ್ನೂ ನೇರವಾಗಿ ಆಡುವವಳು. ಊರಿನ ಅಂಗಡಿಯಲ್ಲಿ ನನ್ನನ್ನು ಮೂಲೆಗೆ ಒತ್ತಿ ನಿಲ್ಲಿಸಿದಳು. ಪ್ರತಿವರ್ಷ ಜಾತ್ರೆಯ ಪ್ರದರ್ಶನದಲ್ಲಿ ತಾನು ಬಹುಮಾನ ಗೆಲ್ಲುವ ಪ್ಲಮ್ ಕೇಕು ಮಾಡುವ ವಿಧಾನ ನಿಜಕ್ಕೂ ಎನಿಡಳದ್ದು, ಅದು ಎನಿಡಳಿಗೆ ಗೊತ್ತಾಗಿದೆ ಅಲ್ಲವೇ ಎಂದಳು. ನನಗೆ ತಲೆಬುಡ ತಿಳಿಯಲಿಲ್ಲ.

"ಮತ್ತೆ ಯಾಕೆ ನಮಗ್ಯಾರಿಗೂ ಬೆರಳೆತ್ತಲ್ಲ ನಿಮ್ಮಮ್ಮ?" ಎಂದಳು ಕೋರಲ್. "ನಾನು ಎತ್ತಿದೆ, ಸುಮ್ನೆ ಹೋದಳು. ಡಗಲ್ಡ್ ಎತ್ತಿದ, ಸುಮ್ನೆ ಹೋದಳು. ನಮ್ಮ ಮುಖ ನೋಡೋಕೂ ಅವಳಿಗೆ ಇಷ್ಟ ಇಲ್ಲ ಅಂದ್ಮೇಲೆ ಟಪಾಲು ಅವಳ ತಲೆಗೆ ಕಟ್ಟೋದು ಯಾಕೆ? ಶನಿವಾರದ ಸಭೇಲಿ ವ್ಯಾನಿನವನಿಗೇ ಕೊಟ್ಬಿಡೋಣ ಅಂತ ಎಲ್ಲ ಮಾತಾಡ್ಕೊಂಡಿದ್ದೀವಿ."

ನಮ್ಮ ರಸ್ತೆಯಲ್ಲಿ ಎದುರು ಬಂದ ಗಾಡಿಗೆ ಬೆರಳೆತ್ತದೆ ಯಾರೂ ಹೋಗುವುದಿಲ್ಲ. ಕೈ ಬೀಸಬಾರದು, ಬೀಸುವವರು ಪಟ್ಟಣದವರು. ಸ್ಟಿಯರಿಂಗಿನ ಮೇಲಿರುವ ಬಲಗೈಯ ತೋರುಬೆರಳು ಮಾತ್ರ ಒಂದಿಷ್ಟು ಮೇಲೇಳಬೇಕು, ಮತ್ತೆ ಮಲಗಬೇಕು. ಹೆಂಡತಿ ಬಿಟ್ಟುಹೋದ ದಿನವೂ ಗಂಡಸು ಬೆರಳೆತ್ತುತ್ತಾನೆ. ಬೆರಳೆತ್ತದೆ ಹೋದರೆ ಅದಕ್ಕೆ ಒಂದೇ ಅರ್ಥ, ನಿನ್ನ ಮೇಲೆ ನನಗೆ ಕೋಪ, ನೀನು ಮಾಡಿದ್ದು ನನಗೆ ಗೊತ್ತು. ಅಮ್ಮ ಸುಮ್ಮನೆ ಹೋದದ್ದಕ್ಕೆ ರಸ್ತೆಯವರೆಲ್ಲ ತಮ್ಮ ತಮ್ಮ ಪಾಪಗಳನ್ನು ತಾವೇ ಹುಡುಕಿಕೊಂಡಿದ್ದರು. ಆದರೆ ನಮ್ಮಮ್ಮ ಬೆರಳೆತ್ತದವಳಲ್ಲ. ಹಾದುಹೋಗುವ ಎಮು ಹಕ್ಕಿಗೂ ಎತ್ತಿದವಳು.

ಮಾರನೆಯ ದಿನ ಶುಕ್ರವಾರ, ಶಾಲೆಗೆ ರಜೆಯಿದ್ದುದರಿಂದ, ಅವಳ ಪಕ್ಕದಲ್ಲಿ ಕೂತು ಹೊರಟೆ. ಏನೂ ಹೇಳಲಿಲ್ಲ. ಹಳ್ಳ ದಾಟಿದ ಮೇಲೆ ಎದುರಿಗೆ ಧೂಳು ಕಂಡಿತು. ಡಗಲ್ಡನ ಗಾಡಿ. ನಾನು ಅಮ್ಮನ ಕೈಯನ್ನೇ ನೋಡುತ್ತಿದ್ದೆ. ಗಾಡಿ ಹತ್ತಿರ ಬಂತು, ಡಗಲ್ಡ್ ಬೆರಳೆತ್ತಿದ. ಅಮ್ಮನೂ ಎತ್ತಿದಳು. ಅಚ್ಚುಕಟ್ಟಾಗಿ, ಖುಷಿಯಾಗಿ, ನಗುಮುಖದಿಂದ ಎತ್ತಿದಳು. ಎಲ್ಲಿ? ಸ್ಟಿಯರಿಂಗಿನ ಬುಡದಲ್ಲಿ, ನಾನು ಹಾಕಿದ ಗುಂಡಿನ ಮೇಲೆ, ಡ್ಯಾಶ್‌ಬೋರ್ಡಿನ ಹಿಂದೆ, ತನ್ನ ಹೊಟ್ಟೆಯ ಹತ್ತಿರ. ನಗು ಕಾಣಬೇಕೆಂದರೆ ಗಾಜಿನ ತುಂಬ ಧೂಳು. ಆ ಬೆರಳನ್ನು ನೋಡಿದ್ದು ಅವಳ ಮಡಿಲು ಮಾತ್ರ.

ನನಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕೆ, ಕಣ್ಣಲ್ಲಿ ನೀರು ಬಂತು. ಅಮ್ಮ ಗಾಡಿ ನಿಲ್ಲಿಸಿ ನನಗೆ ಹುಚ್ಚು ಹಿಡಿದಿದೆಯೇ ಎಂದು ಕೇಳಿದಳು. ಹೇಳಿದೆ. ಟ್ರೈಲರು, ಕುರಿಯ ತೊಡೆ, ಕೇಕುಗಳು, ಶನಿವಾರದ ಸಭೆ, ಎಲ್ಲವನ್ನೂ ಹೇಳಿದೆ. ಅವಳೂ ನಕ್ಕಳು. ಕಾಂಗರೂವಿನ ಮಾತು ಬಂದಾಗ ಸ್ಟಿಯರಿಂಗಿಗೆ ಹಣೆ ಹಚ್ಚಿ ನಕ್ಕಳು. ಆಮೇಲೆ ಒಮ್ಮೆಗೇ ನಿಲ್ಲಿಸಿ, "ಸ್ಪ್ಯಾನರ್ ಕೊಡು. ಇದನ್ನ ಬಿಚ್ಚೋಣ," ಎಂದಳು.

ಆಗ ನನ್ನ ನಗು ಇಳಿಯಿತು. ಬೇಡ ಎಂದೆ. ಗುಂಡನ್ನು ಮೇಲಕ್ಕೆ ಸರಿಸೋಣ, ಬಾನೆಟ್ಟಿನ ಮೇಲೆ ಮರದ ಕೈಯೊಂದನ್ನು ಕೂಡಿಸಿ ದಾರ ಎಳೆದರೆ ಬೆರಳೇಳುವ ಹಾಗೆ ಮಾಡೋಣ, ಏನು ಬೇಕಾದರೂ ಮಾಡೋಣ, ಆದರೆ ಬಿಚ್ಚುವುದು ಬೇಡ. ಕಲ್ಲಿಗೆ ಚಕ್ರ ಬಡಿದು ಸ್ಟಿಯರಿಂಗು ಕೈ ತಪ್ಪಿದರೆ? ನಾನು ಕೂಗಾಡಿದೆ ಎಂದೇ ಹೇಳಬೇಕು. ಆ ಖಾಲಿ ರಸ್ತೆಯಲ್ಲಿ, ಕೆಳಗಿಳಿದು ಅತ್ತಿಂದಿತ್ತ ಓಡಾಡುತ್ತಾ, ಆಸ್ಪತ್ರೆಯಲ್ಲಿ ಆಡದೆ ಇಟ್ಟುಕೊಂಡಿದ್ದನ್ನೆಲ್ಲ ಆಡಿದೆ.

ಅಮ್ಮ ನಾನು ಮುಗಿಸುವವರೆಗೆ ಕಾದಳು. ಆಮೇಲೆ ಬಲಗೈಯ ಅಂಗಿತೋಳನ್ನು ಮೇಲೆ ಸರಿಸಿ ತೋರಿಸಿದಳು. ಮಣಿಕಟ್ಟಿನ ಮೇಲೆ ಕಪ್ಪಗೆ, ಹಳದಿಯಾಗಿ, ಹಳೆಯವೂ ಹೊಸವೂ ಪೆಟ್ಟಿನ ಗುರುತುಗಳು. ಕಲ್ಲಿಗೆ ಚಕ್ರ ಬಡಿದಾಗಲೆಲ್ಲ ಆ ಗುಂಡೇ ಗಿರಕ್ಕನೆ ತಿರುಗಿ ಅವಳ ಕೈಗೆ ಹೊಡೆಯುತ್ತಿತ್ತು.

"ಯಾಕಮ್ಮ ಹೇಳಲಿಲ್ಲ?" ಎಂದೆ.

"ಅಷ್ಟು ಆಸೆಯಿಂದ ಹಾಕಿದ್ದೆ ನೀನು. ಹೆಂಗೆ ಬೇಡ ಅನ್ನಲಿ?" ಎಂದಳು. ಅಂಗಿತೋಳನ್ನು ಕೆಳಗೆ ಎಳೆದುಕೊಂಡಳು. "ಆದ್ರೆ ಕಾಲು ಹೋಗಿದ್ದು ನಂದು ಕಣೇ. ಹೆದರಿಕೆ ನಿಂದು. ನನ್ನ ಕಾಲಿಗೆ ಬೇಕಾದ್ದನ್ನ ಮಾಡಿಕೊಟ್ಟೆ, ಚೆನ್ನಾಗಿದೆ. ನಿನ್ನ ಹೆದರಿಕೆಗೆ ಬೇಕಾದ್ದನ್ನ ನನ್ನ ಗಾಡಿಗೆ ಹಾಕಬೇಡ."

ಸ್ಪ್ಯಾನರು ತಂದು ನಾನೇ ಬಿಚ್ಚಿದೆ. ನಟ್ಟು ಮಣ್ಣಿಗೆ ಬಿತ್ತು, ಹುಡುಕಲಿಲ್ಲ. ಅಮ್ಮ ಎರಡೂ ಕೈಗಳನ್ನು ಸ್ಟಿಯರಿಂಗಿನ ಮೇಲ್ಭಾಗದಲ್ಲಿಟ್ಟು, ಬೇಕಾದಾಗ ಮಾತ್ರ ಎಡಗೈಯನ್ನು ಗೇರಿಗೆ ಇಳಿಸಿ, ಕೊನೆಯ ಗೇಟಿನವರೆಗೆ ಓಡಿಸಿದಳು. ಬರುವಾಗ ಹಳ್ಳದ ಕಲ್ಲುಗಳ ಮೇಲೆ ಸ್ಟಿಯರಿಂಗು ಅದುರಿತು. ಅವಳು ಬೈದು ಸರಿಮಾಡಿಕೊಂಡಳು. ನಾನು ಸೀಟಿನ ಅಂಚನ್ನು ಗಟ್ಟಿಯಾಗಿ ಹಿಡಿದು ಕೂತಿದ್ದೆ, ಬಾಯಿ ಮಾತ್ರ ಬಿಡಲಿಲ್ಲ. ನನ್ನ ಬದುಕಿನಲ್ಲಿ ಅಷ್ಟು ಹೊತ್ತು ನಾನು ಬಾಯಿ ಮುಚ್ಚಿದ್ದು ಅದೊಂದೇ ಸಲ.

ಶನಿವಾರದ ಸಭೆಯಲ್ಲಿ ಅಮ್ಮ ಎದ್ದು ನಿಂತು ಎಲ್ಲವನ್ನೂ ತಾನೇ ಹೇಳಿದಳು. ಹೊಟ್ಟೆಯ ಹತ್ತಿರ ಬೆರಳೆತ್ತಿ ತೋರಿಸಿದಳು. ಭವನದ ತಗಡು ಹಾರಿಹೋಗುವಷ್ಟು ನಕ್ಕರು. ಡಗಲ್ಡ್, ಹಾಗಾದರೆ ಟ್ರೈಲರು ವಾಪಸ್ಸು ಕೊಡು ಎಂದ. ಕ್ಲೆಮ್, ಗೇಟು ಗುದ್ದಿದ್ದು ಕಾಂಗರೂವೇ ಎಂದು ಹೊಸದಾಗಿ ಸಾಧಿಸತೊಡಗಿದ. ಕೋರಲ್ ಮಾತ್ರ ಕೇಕಿನ ವಿಷಯ ಎತ್ತಲಿಲ್ಲ, ಅಮ್ಮನೂ ಎತ್ತಲಿಲ್ಲ. ಟಪಾಲು ಎನಿಡಳಿಗೆ ಎನ್ನುವವರು ಕೈ ಎತ್ತಿ ಎಂದಾಗ ಯಾರೂ ಕೈ ಎತ್ತಲಿಲ್ಲ. ಭವನದಲ್ಲಿ ಕೂತಿದ್ದವರೆಲ್ಲ ಮಂಡಿಯ ಮೇಲಿದ್ದ ಕೈಯಿಂದ ಒಂದೊಂದೇ ಬೆರಳೆತ್ತಿದರು. ಅಮ್ಮ ಮೂಗು ಒರೆಸಿಕೊಂಡು, ಚಹಾ ಎಲ್ಲಿ ಎಂದು ಗದರಿದಳು.

ಶಾಲೆ ಶುರುವಾದದ್ದು ಮಂಗಳವಾರ. ನಾನು, ಅಂದಿನಿಂದಷ್ಟೇ ಬಸ್ಸಿನ ದಾರಿಗೆ ಸೇರಿದ ಉತ್ತರದ ಮನೆಗಳ ಮಕ್ಕಳನ್ನು ಹತ್ತಿಸಿಕೊಂಡು, ಊರಿನ ಕಡೆ ಬರುತ್ತಿದ್ದೆ. ದೂರದಲ್ಲಿ ಧೂಳೆದ್ದಿತು. ಧೂಳಿನ ಮುಂದೆ ನಿಂಬೆಹಣ್ಣಿನ ಹಳದಿ. ಟಪಾಲು ಚೀಲಗಳ ಜೊತೆ, ಪಕ್ಕದಲ್ಲಿ ಯಾರೂ ಇಲ್ಲದೆ, ಅಮ್ಮ. ಹುಟ್ಟಿದಾಗಿನಿಂದ ಅವಳ ಪಕ್ಕದ ಸೀಟಿನಲ್ಲೋ ಹಿಂದೆಯೋ ಕೂತು ಆ ಬೆರಳನ್ನು ನೋಡಿದವಳು ನಾನು, ಎದುರಿನಿಂದ ನೋಡುವುದು ಇದೇ ಮೊದಲು. ಹಳ್ಳದ ತಿರುವಿನಲ್ಲಿ ಜೀಪು ಪಕ್ಕಕ್ಕೆ ವಾಲುವುದು ನಾನಿದ್ದಲ್ಲಿಂದಲೇ ಕಂಡಿತು. ನನ್ನ ಎರಡೂ ಕೈ ಬಸ್ಸಿನ ಚಕ್ರವನ್ನು ಕಚ್ಚಿಹಿಡಿದವು, ಅವಳ ಚಕ್ರವನ್ನೇ ಹಿಡಿದ ಹಾಗೆ. ಅವಳು ಸರಿಮಾಡಿಕೊಂಡಳು. ಹತ್ತಿರ ಬಂದಳು. ಒರೆಸಿದ ಗಾಜಿನ ಹಿಂದೆ, ಎಲ್ಲರಿಗೂ ಕಾಣುವ ಹಾಗೆ, ತೋರುಬೆರಳು ಮೇಲೆದ್ದಿತು. ಮಗಳೆಂದು ಒಂದು ಕೂದಲೆಳೆ ಹೆಚ್ಚಿಲ್ಲ, ರಸ್ತೆಯಲ್ಲಿ ಎದುರಾದ ಯಾರಿಗಾದರೂ ಎತ್ತುವಷ್ಟೇ. ಆಮೇಲೆ ಧೂಳು ಎರಡೂ ಗಾಡಿಗಳನ್ನು ನುಂಗಿತು.

ಬಸ್ಸಿನ ವೈರ್‌ಲೆಸ್ಸು ಗೊರಗೊರ ಎಂದಿತು.

"ಏನೇ ರೊವೀನಾ, ಬೆರಳೆತ್ತಲೇ ಇಲ್ಲ? ನನ್ನ ಮೇಲೇನಾದ್ರೂ ಕೋಪಾನಾ?"

ಮಕ್ಕಳೆಲ್ಲ ಗೊಳ್ಳೆಂದರು. ನನಗೆ ಧೂಳೋ ಕಣ್ಣೀರೋ, ದಾರಿಯೇ ಕಾಣುತ್ತಿರಲಿಲ್ಲ. ಬಸ್ಸು ನಿಲ್ಲಿಸಿ ಮೈಕು ಎತ್ತಿದೆ.

"ಹೂಂ, ಕೋಪ. ಸಂಜೆ ಕೇಕ್ ಹಿಡ್ಕೊಂಡು ಬಂದು ತಪ್ಪೊಪ್ಕೋ," ಎಂದೆ.